ಕಾರ್ನಾಟಿಕ್ ಹಡಗು ನೋಡಲು ಕೆಂಪು ಸಮುದ್ರಕ್ಕೆ: ನಾಲ್ಕು ಜನ, ಏಳು ರಾತ್ರಿ, ಬೋಟಿನಲ್ಲೇ ವಾಸ. ಹೋಗಬಹುದಾ?

ಮುರುಡೇಶ್ವರ_ಮೊಸಳೆ:
ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ, ಬೆಂಗಳೂರಿನಲ್ಲಿ ಕೆಲಸ, ನೇತ್ರಾಣಿಯಲ್ಲಿ ಡೈವಿಂಗ್ ಕಲಿತವರು. ನನಗೂ ಇನ್ನೊಬ್ಬನಿಗೂ ಅಡ್ವಾನ್ಸ್ಡ್ ಕೋರ್ಸ್ ಆಗಿದೆ, 40ರ ಹತ್ತಿರ ಡೈವ್ ಆಗಿವೆ. ಮೂರನೆಯವಳದ್ದು 22. ನಾಲ್ಕನೆಯವನು ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿ 9 ಡೈವ್ ಮಾಡಿದ್ದಾನೆ. ಮಾತು ಕೇಳಿದರೆ 900 ಅನ್ನಿಸುತ್ತದೆ.

ನವೆಂಬರ್‌ನಲ್ಲಿ ಈಜಿಪ್ಟಿಗೆ ಹೋಗೋಣ ಅಂತಿದ್ದೇವೆ. ಹುರ್ಘಾದಾದಿಂದ ಹೊರಡುವ ಲೈವ್‌ಅಬೋರ್ಡ್ ಬೋಟು, ಉತ್ತರದ ರೂಟ್. ಅಂದರೆ ಮುಳುಗಿದ ಹಡಗುಗಳೇ ಜಾಸ್ತಿ: ಥಿಸಲ್‌ಗಾರ್ಮ್, ಡನ್‌ರೇವನ್, ಅಬು ನುಹಾಸ್ ಹವಳದ ದಿಬ್ಬದ ನಾಲ್ಕು ಹಡಗು, ರೋಸಲಿ ಮೊಲ್ಲರ್.

ನನಗೆ ಹುಚ್ಚು ಹಿಡಿಸಿದ್ದು ಅಬು ನುಹಾಸ್‌ನ ಒಂದು ಹಡಗಿನ ಹೆಸರು. ಕಾರ್ನಾಟಿಕ್! ನಮ್ಮ ನಾಡಿನ ಹೆಸರಿಟ್ಟುಕೊಂಡು 1869ರಿಂದ ಅಲ್ಲಿ ಮಲಗಿದೆ. ನವೆಂಬರ್ 1ಕ್ಕೆ ಅದರ ಪಕ್ಕ ಕೆಂಪು-ಹಳದಿ ಬಾವುಟ ಹಿಡಿದು ಒಂದು ಫೋಟೊ. ಅಷ್ಟೇ ಆಸೆ.

ನಮ್ಮ ಅನುಭವ ಸಾಕಾ? ಖರ್ಚು ಎಷ್ಟಾಗಬಹುದು? ಬೋಟು ಹೇಗೆ ಆರಿಸಬೇಕು? ಹೋಗಿ ಬಂದವರು ದಯವಿಟ್ಟು ಹೇಳಿ.

ಬಬಲ್_ಗೌಡ:
ನಾಲ್ಕನೆಯವನನ್ನು ಮನೇಲಿ ಬಿಟ್ಟು ಹೋಗಿ. ಮುಗೀತು.

ಬೀರೂರು_ಬಾಯ್:
ನನಗೆ ಈಜೇ ಬರಲ್ಲ, ಆದರೂ ಈ ಥ್ರೆಡ್ ಫಾಲೋ ಮಾಡ್ತೀನಿ. 😀

ಶಾರ್ಜಾ_ಶೆಟ್ಟಿ:
ನಾನು ಇಲ್ಲಿಂದ ಎರಡು ಸಲ ಹೋಗಿ ಬಂದಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಬೇಡಿ.

ಮೊದಲು ಆಳದ ಮಾತು. ಓಪನ್ ವಾಟರ್ ಮಾತ್ರ ಆದವರಿಗೆ ಮಿತಿ 18 ಮೀಟರ್. ಥಿಸಲ್‌ಗಾರ್ಮ್ ಕೂತಿರುವುದು 30 ಮೀಟರ್ ನೀರಲ್ಲಿ. ಕಾರ್ನಾಟಿಕ್ ಸುಮಾರು 27 ಮೀಟರ್‌ವರೆಗೆ ಹೋಗುತ್ತದೆ. ನಿಮ್ಮ ಒಂಬತ್ತು ಡೈವ್ ಗೆಳೆಯ ಅಡ್ವಾನ್ಸ್ಡ್ ಮಾಡದೆ ಬಂದರೆ ಅರ್ಧ ಟ್ರಿಪ್ ಡೆಕ್ ಮೇಲೆ ಕೂತು ಟೀ ಕುಡಿಯುತ್ತಾನೆ. ರೋಸಲಿ ಮೊಲ್ಲರ್ ಅಂತೂ ನಿಮ್ಮಲ್ಲಿ ಯಾರಿಗೂ ಬೇಡ. ಅದರ ಡೆಕ್ಕೇ 30 ಮೀಟರ್ ದಾಟಿದ ಮೇಲೆ ಸಿಗುತ್ತದೆ, ತಳ 50ರ ಹತ್ತಿರ. ನೀರೂ ಮಬ್ಬು.

ಆದರೆ ಕಷ್ಟ ಬರೀ ಆಳದ್ದಲ್ಲ, ಕರೆಂಟ್‌ದು, ಅಂದರೆ ನೀರಿನ ಸೆಳೆತದ್ದು. ಥಿಸಲ್‌ಗಾರ್ಮ್ ಮೇಲೆ ಕೆಲವು ದಿನ ಹಗ್ಗ ಹಿಡಿದು ಇಳಿಯುವಾಗ ಗಾಳಿಪಟದ ಬಾಲದ ಹಾಗೆ ಅಡ್ಡಡ್ಡ ಹಾರುತ್ತಿರುತ್ತೀರಿ. ಮೊದಲ ಸಲ ನಾನು ಹಡಗು ಮುಟ್ಟುವಷ್ಟರಲ್ಲಿ 70 ಬಾರ್ (ಟ್ಯಾಂಕಿನ ಒತ್ತಡದ ಅಳತೆ) ಗಾಳಿ ಖಾಲಿ ಮಾಡಿದ್ದೆ. ಆಗ ನನಗೆ 60 ಡೈವ್ ಆಗಿತ್ತು.

ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಗಾಳಿ) ಕೋರ್ಸ್ ಇಲ್ಲೇ ಮಾಡಿಕೊಂಡು ಹೋಗಿ. 30 ಮೀಟರಿನಲ್ಲಿ ಮಾಮೂಲಿ ಗಾಳಿಗೆ ಡೈವ್ ಟೇಬಲ್ ಇರಲು ಬಿಡುವುದು 20 ನಿಮಿಷ. 32ರ (ಶೇಕಡ 32 ಆಮ್ಲಜನಕದ) ನೈಟ್ರಾಕ್ಸ್‌ಗೆ 30 ನಿಮಿಷ. ದಿನಕ್ಕೆ ನಾಲ್ಕು ಡೈವ್ ಮಾಡುವಾಗ ಈ ಹತ್ತು ನಿಮಿಷ ಚಿನ್ನ. ಆದರೆ 32 ಹಾಕಿಕೊಂಡು 33 ಮೀಟರಿಗಿಂತ ಕೆಳಗೆ ಹೋಗುವ ಹಾಗಿಲ್ಲ. ಇದು ನೆನಪಿರಲಿ.

ಹಳೇಕಡತ:
ಡೈವಿಂಗ್ ನನಗೆ ಗೊತ್ತಿಲ್ಲ. ಆದರೆ ಹೆಸರಿನ ವಿಷಯದಲ್ಲಿ ಒಂದು ತಿದ್ದುಪಡಿ. ಆಗಿನ ಬ್ರಿಟಿಷರು ಕಾರ್ನಾಟಿಕ್ ಅಂದಾಗ ಅವರ ತಲೆಯಲ್ಲಿ ಇದ್ದದ್ದು ಹೆಚ್ಚಾಗಿ ಆರ್ಕಾಟ್ ನವಾಬನ ಸೀಮೆ. ಘಟ್ಟದ ಕೆಳಗೆ, ಪೂರ್ವ ಕರಾವಳಿ. ಕಾರ್ನಾಟಿಕ್ ಯುದ್ಧಗಳು ಅಂತ ಶಾಲೆಯಲ್ಲಿ ಓದಿದ್ದು ನೆನಪಿದೆಯಾ? ಅವೆಲ್ಲ ಆರ್ಕಾಟ್, ತಿರುಚ್ಚಿ, ಪಾಂಡಿಚೇರಿ ಸುತ್ತಮುತ್ತ ನಡೆದವು. ಹಾಗಾಗಿ ಬಾವುಟ ಹಿಡಿಯುವ ಮೊದಲು ಯೋಚಿಸಿ.

ಮುರುಡೇಶ್ವರ_ಮೊಸಳೆ:
ಸರ್, ಬೆಳಿಗ್ಗೆ ಬೆಳಿಗ್ಗೆ ಹೊಟ್ಟೆ ಉರಿಸಿದಿರಿ.

ಬಬಲ್_ಗೌಡ:
ಹಳೇಕಡತ ಅವರೇ, ಆರ್ಕಾಟಿಗೆ ಆ ಹೆಸರು ಎಲ್ಲಿಂದ ಹೋಯಿತು? ವಿಜಯನಗರದ ದೊರೆಗಳನ್ನು ಕರ್ನಾಟಕದ ರಾಜರು ಅಂತಲೇ ಕರೆಯುತ್ತಿದ್ದರು. ಅವರ ಆಳ್ವಿಕೆ ಕೆಳಗಿನ ಸೀಮೆಗೆ ಹೋಯಿತು, ಜೊತೆಗೆ ಹೆಸರೂ ಹೋಯಿತು. ಹೆಸರು ನಮ್ಮದೇ. ಬಾವುಟ ಹಿಡಿಯಲಿ ಬಿಡಿ.

ಹಳೇಕಡತ:
ಮೂಲ ನಮ್ಮದು ಅನ್ನುವುದಕ್ಕೆ ನನ್ನ ತಕರಾರಿಲ್ಲ. ಹಡಗಿಗೆ ಹೆಸರಿಟ್ಟವರು ನಮ್ಮನ್ನು ನೆನೆದು ಇಟ್ಟಿರಲಿಕ್ಕಿಲ್ಲ ಅಂದೆ, ಅಷ್ಟೇ. ನಮ್ಮ ರಾಜ್ಯಕ್ಕೇ ಆ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಆಗ ಹಡಗು ಮುಳುಗಿ ನೂರು ವರ್ಷ ದಾಟಿತ್ತು.

ಹಡಗಿನ ಕಥೆ ಮಾತ್ರ ಬೇರೆಯೇ ಇದೆ, ಹೇಳಿಬಿಡುತ್ತೇನೆ. 1862ರಲ್ಲಿ ಲಂಡನ್ನಿನಲ್ಲಿ ಕಟ್ಟಿದ್ದು. ಹಾಯಿಯೂ ಉಂಟು, ಉಗಿ ಎಂಜಿನ್ನೂ ಉಂಟು. ಪಿ ಅಂಡ್ ಓ ಅನ್ನುವ ಬ್ರಿಟಿಷ್ ಹಡಗು ಕಂಪನಿಯದು. ಆಗಿನ್ನೂ ಸೂಯೆಜ್ ಕಾಲುವೆ ತೆರೆದಿರಲಿಲ್ಲ. ಇಂಗ್ಲೆಂಡಿನಿಂದ ಬರುವವರು ಅಲೆಕ್ಸಾಂಡ್ರಿಯಾದಲ್ಲಿ ಇಳಿದು, ನೆಲದ ಮೇಲೆ ಸೂಯೆಜ್‌ಗೆ ಬಂದು, ಅಲ್ಲಿ ಇನ್ನೊಂದು ಹಡಗು ಹತ್ತಿ ಬೊಂಬಾಯಿಗೆ ಬರಬೇಕು. ಕಾರ್ನಾಟಿಕ್ ಆ ಎರಡನೇ ಹಡಗು. 1869ರ ಸೆಪ್ಟೆಂಬರ್ 13ರ ನಸುಕಿಗೆ ಮುಂಚೆ ಅಬು ನುಹಾಸ್ ಹವಳದ ದಿಬ್ಬಕ್ಕೆ ಬಡಿಯಿತು.

ಆದರೆ ತಕ್ಷಣ ಮುಳುಗಲಿಲ್ಲ. ಕಂಪನಿಯ ಇನ್ನೊಂದು ಹಡಗು ಆ ದಾರಿಯಲ್ಲಿ ಬರುವುದಿತ್ತು. ಅದು ಬಂದು ಕರೆದುಕೊಂಡು ಹೋಗುತ್ತದೆ ಅಂತ ಕ್ಯಾಪ್ಟನ್ ಯಾರನ್ನೂ ಇಳಿಸಲಿಲ್ಲ. ಪ್ರಯಾಣಿಕರು ಹಡಗಿನಲ್ಲೇ ರಾತ್ರಿ ಊಟ ಮಾಡಿದರು. ಮರುದಿನ ಬೆಳಿಗ್ಗೆ ಜನರನ್ನು ದೋಣಿಗೆ ಇಳಿಸಲು ಶುರು ಮಾಡಿದಾಗ ಹಡಗು ಎರಡು ತುಂಡಾಯಿತು. 31 ಜನ ಸತ್ತರು. ಉಳಿದವರು ಹತ್ತಿರದ ಶದ್ವಾನ್ ದ್ವೀಪಕ್ಕೆ ಹೋದರು. ತೇಲಿ ಬಂದ ಹತ್ತಿಯ ಮೂಟೆಗಳಿಗೆ ಬೆಂಕಿ ಹಚ್ಚಿ ಆ ಇನ್ನೊಂದು ಹಡಗನ್ನು ಕರೆದರು. ಎರಡು ತಿಂಗಳ ನಂತರ, ನವೆಂಬರ್ 17ಕ್ಕೆ ಸೂಯೆಜ್ ಕಾಲುವೆ ತೆರೆಯಿತು.

ಮುರುಡೇಶ್ವರ_ಮೊಸಳೆ:
ಇಷ್ಟು ಗೊತ್ತಿರಲಿಲ್ಲ ಸರ್. ಬೈದದ್ದು ವಾಪಸ್ ತಗೊಂಡೆ.

ಸಮುದ್ರ_ಸುಮ:
ನಾನು ಅಂಡಮಾನಿನಲ್ಲಿ ಡೈವಿಂಗ್ ಕಲಿಸುತ್ತೇನೆ, ಊರು ಶಿರಸಿ. ಶೆಟ್ಟರು ಹೇಳಿದ್ದು ಸರಿ, ಒಂದನ್ನು ಸೇರಿಸುತ್ತೇನೆ. 40 ಡೈವ್ ಅಂತೀರಿ, ಎಲ್ಲವೂ ನೇತ್ರಾಣಿಯಲ್ಲಾ? ಹಾಗಾದರೆ 30 ಮೀಟರಿನಲ್ಲಿ ಎಷ್ಟು ಸಲ ಇದ್ದಿರಿ? ಎಸ್‌ಎಂಬಿ (ನಾವಿರುವ ಜಾಗ ಬೋಟಿಗೆ ಕಾಣಲು ನೀರೊಳಗಿಂದ ಮೇಲೆ ಬಿಡುವ ಗಾಳಿ ತುಂಬಿದ ಚೀಲ) ನೀವೇ ಬಿಟ್ಟಿದ್ದು ಎಷ್ಟು ಸಲ? ಟ್ಯಾಂಕು 50 ಬಾರ್‌ಗೆ ಬಂದಾಗ ನೀವೇ ನೋಡಿಕೊಂಡಿರಾ, ಇಲ್ಲಾ ಡೈವ್ ಮಾಸ್ಟರ್ ಬಂದು ಗೇಜ್ ನೋಡಿ ಹೇಳಿದರಾ? ಉತ್ತರ ಇಲ್ಲಿ ಬರೆಯುವುದು ಬೇಡ. ನಿಮಗೆ ನೀವೇ ಹೇಳಿಕೊಳ್ಳಿ.

ರೆಕ್ (ಮುಳುಗಿದ ಹಡಗು) ಒಳಗೆ ಹೋಗುವ ಆಸೆ ಎಲ್ಲರಿಗೂ ಇರುತ್ತದೆ. ಕಾರ್ನಾಟಿಕ್ ಹೊಸಬರಿಗೆ ಒಳ್ಳೆಯದು. ಮರದ ಹಲಗೆಗಳೆಲ್ಲ ಕೊಳೆತು ಕಬ್ಬಿಣದ ಪಕ್ಕೆಲುಬು ಮಾತ್ರ ಉಳಿದಿದೆ. ಬೆಳಕು ಎಲ್ಲ ಕಡೆಯಿಂದ ಬರುತ್ತದೆ, ಒಳಗೆ ಗಾಜುಮೀನುಗಳ ಮೋಡ. ದೇವಸ್ಥಾನದ ಕಂಬಗಳ ಸಾಲಿನಲ್ಲಿ ನಡೆದ ಹಾಗಿರುತ್ತದೆ. ಪಕ್ಕದ ಜಿಯಾನಿಸ್ ಡಿ ಹಾಗಲ್ಲ. 1983ರಲ್ಲಿ ಕೊಯ್ದ ಮರ ಹೊತ್ತು ಹೋಗುತ್ತಾ ದಿಬ್ಬಕ್ಕೆ ಹೊಡೆದದ್ದು, ಓರೆಯಾಗಿ ಮಲಗಿದೆ. ಎಂಜಿನ್ ರೂಮಿಗೆ ಹೋದರೆ ಮೆಟ್ಟಿಲು ಗೋಡೆಯ ಮೇಲೆ, ಬಾಗಿಲು ನೆಲದಲ್ಲಿ. ನಿಮ್ಮ ಗುಳ್ಳೆಗಳು ಓರೆ ಹೋಗುತ್ತಿವೆ ಅನ್ನಿಸುತ್ತದೆ. ತಲೆ ತಿರುಗಿ ವಾಂತಿ ಬಂದವರನ್ನು ನೋಡಿದ್ದೇನೆ.

ಬೀರೂರು_ಬಾಯ್:
ನೀರೊಳಗೆ ವಾಂತಿ ಬಂದರೆ ಏನು ಮಾಡ್ತಾರೆ ಮೇಡಂ? ಗಂಭೀರವಾಗಿ ಕೇಳ್ತಿದ್ದೀನಿ.

ಸಮುದ್ರ_ಸುಮ:
ಉಸಿರಾಡುವ ರೆಗ್ಯುಲೇಟರ್ ಬಾಯಿಂದ ತೆಗೆಯದೆ ಅದರೊಳಗೇ ಮಾಡಬೇಕು. ಮೀನುಗಳಿಗೆ ಹಬ್ಬ.

ಬೀರೂರು_ಬಾಯ್:
ಕೇಳಬಾರದಿತ್ತು.

ಲೆಕ್ಕದ_ಪುಸ್ತಕ:
ಖರ್ಚಿನ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ. ನಾನು ಕಳೆದ ವರ್ಷ ವಿಚಾರಿಸಿದಾಗ ಮಧ್ಯಮ ದರ್ಜೆಯ ಬೋಟಿಗೆ ಒಬ್ಬರಿಗೆ ವಾರಕ್ಕೆ 1000ದಿಂದ 1500 ಯೂರೋ ಹೇಳಿದರು. ಅಷ್ಟರಲ್ಲಿ ಮುಗಿಯುತ್ತದೆ ಅಂದುಕೊಂಡರೆ ಮೋಸ ಹೋಗುತ್ತೀರಿ. ಬಾಡಿಗೆ ಸಾಮಾನು ಬೇರೆ, ಮರೈನ್ ಪಾರ್ಕ್ ಫೀ ಬೇರೆ, ಕೆಲವು ಕಡೆ ನೈಟ್ರಾಕ್ಸ್ ಬೇರೆ, ಕೊನೆಗೆ ಸಿಬ್ಬಂದಿಗೆ ಟಿಪ್ಸ್. ಬುಕ್ ಮಾಡುವ ಮೊದಲು "ಬೋಟಿನಲ್ಲಿ ನಗದಾಗಿ ಎಷ್ಟು ಕೊಡಬೇಕು" ಅಂತ ಬರವಣಿಗೆಯಲ್ಲಿ ಕೇಳಿ. ವಿಮಾನಕ್ಕೆ ಮುಂಬೈನಿಂದ ಕೈರೋಗೆ ನೇರ ಇದೆ, ಅಲ್ಲಿಂದ ಹುರ್ಘಾದಾಗೆ ಒಂದು ಗಂಟೆ. ಗಲ್ಫ್ ಮೇಲೆ ಹೋಗುವವರೂ ಇದ್ದಾರೆ.

ಒಂದು ಸಲಹೆ: ಇನ್ಶೂರೆನ್ಸ್ ವಿಷಯದಲ್ಲಿ ಜಿಪುಣತನ ಬೇಡ. ಮಾಮೂಲಿ ಟ್ರಾವೆಲ್ ಪಾಲಿಸಿಯಲ್ಲಿ ಡೈವಿಂಗ್ ಇರುವುದೇ ಕಡಿಮೆ, ಇದ್ದರೂ ಆಳದ ಮಿತಿ ಇರುತ್ತದೆ. ಡ್ಯಾನ್ (ಡೈವರ್ಸ್ ಅಲರ್ಟ್ ನೆಟ್‌ವರ್ಕ್) ತರಹದ ಡೈವರ್‌ಗಳ ಪಾಲಿಸಿ ತಗೊಳ್ಳಿ. ಹುರ್ಘಾದಾದಲ್ಲಿ ಬೆಂಡ್ಸ್‌ಗೆ (ಬೇಗ ಮೇಲೆ ಬಂದರೆ ಮೈಯೊಳಗೆ ಗಾಳಿಗುಳ್ಳೆ ಏಳುವ ಕಾಯಿಲೆ) ಚಿಕಿತ್ಸೆ ಕೊಡುವ ರೀಕಂಪ್ರೆಶನ್ ಚೇಂಬರ್ ಇದೆ ನಿಜ, ಆದರೆ ಅದರ ಬಿಲ್ ನೋಡಿದರೆ ಮತ್ತೆ ಬೆಂಡ್ಸ್ ಬರುತ್ತದೆ.

ಶಾರ್ಜಾ_ಶೆಟ್ಟಿ:
ಹ್ಹ ಹ್ಹ. ವಾಪಸ್ ವಿಮಾನದ ಲೆಕ್ಕವೂ ನೋಡಿ. ಕೊನೆಯ ಡೈವ್ ಆದ ಮೇಲೆ ಕನಿಷ್ಠ 18 ಗಂಟೆ, ನಾನಾದರೆ 24 ಗಂಟೆ ಬಿಟ್ಟೇ ವಿಮಾನ ಹತ್ತುವುದು. ಟಿಕೆಟ್ ಅಗ್ಗ ಅಂತ ಆ ರಾತ್ರಿಯೇ ಹೊರಡಬೇಡಿ.

ಭಟ್ಕಳದ_ಹುಡುಗ:
ನಿಮ್ಮ ಪಟ್ಟಿಯಲ್ಲಿ ಸೇಲಂ ಎಕ್ಸ್‌ಪ್ರೆಸ್ ಇಲ್ಲ. ಅದೂ ಒಳ್ಳೆಯದೇ. ಆದರೆ ಕೆಲವು ಬೋಟುಗಳು ಸಫಾಗಾ ಕಡೆ ಹೋದಾಗ ಅದನ್ನೂ ಸೇರಿಸುತ್ತವೆ. 1991ರ ಡಿಸೆಂಬರ್‌ನಲ್ಲಿ ಜಿದ್ದಾದಿಂದ ಬರುತ್ತಿದ್ದ ಪ್ರಯಾಣಿಕರ ಹಡಗು ಅದು. ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರು ಅದರಲ್ಲಿ ತುಂಬಾ ಜನ ಇದ್ದರು. ಸರ್ಕಾರಿ ಲೆಕ್ಕದಲ್ಲೇ 470 ಜನ ಸತ್ತರು. ಸೂಟ್‌ಕೇಸ್, ಚಪ್ಪಲಿ, ಟ್ರಾನ್ಸಿಸ್ಟರ್ ಇನ್ನೂ ಅಲ್ಲೇ ಬಿದ್ದಿವೆಯಂತೆ.

ನಮ್ಮ ಅಜ್ಜ ಮುಂಬೈಯಿಂದ ಹಡಗಿನಲ್ಲೇ ಹಜ್‌ಗೆ ಹೋಗಿ ಬಂದವರು. ವಾಪಸ್ ಬರುವಾಗ ತಂದ ಒಂದು ಹಸಿರು ತಗಡಿನ ಪೆಟ್ಟಿಗೆ ಇನ್ನೂ ನಮ್ಮ ಮನೆಯಲ್ಲಿದೆ. ಸೇಲಂ ಎಕ್ಸ್‌ಪ್ರೆಸ್‌ನ ಫೋಟೊ ನೋಡಿದಾಗ ನನಗೆ ಆ ಪೆಟ್ಟಿಗೆಯೇ ಕಾಣುವುದು. ನಾನು ಹೋಗುವುದಿಲ್ಲ. ಹೋಗುವವರಿಗೆ ಬೇಡ ಅನ್ನುವುದೂ ಇಲ್ಲ.

ಬಬಲ್_ಗೌಡ:
ಭಾಯ್, ಗೌರವ ಇಟ್ಟೇ ಕೇಳುತ್ತೇನೆ. ಥಿಸಲ್‌ಗಾರ್ಮ್‌ನಲ್ಲೂ ಜನ ಸತ್ತಿದ್ದಾರೆ. 1942ರಲ್ಲಿ ಬಾಂಬ್ ಬಿದ್ದಾಗ. ಅಲ್ಲಿ ಎಲ್ಲರೂ ಹಡಗಿನ ಸಾಮಾನಿನಲ್ಲಿದ್ದ ಬೈಕ್ ಜೊತೆ ಸೆಲ್ಫಿ ತೆಗೆಸಿಕೊಳ್ಳುತ್ತಾರೆ. ಗೆರೆ ಎಲ್ಲಿ ಎಳೆಯುವುದು?

ಹಳೇಕಡತ:
1942 ಅಲ್ಲ, 1941. ಅಕ್ಟೋಬರ್ 6ರ ನಸುಕಿಗೆ ಮುಂಚೆ. ಜರ್ಮನ್ ವಿಮಾನ. ಒಂಬತ್ತು ಜನ ಸತ್ತರು. ಅದೇ ವಾರ, 8ಕ್ಕೆ, ರೋಸಲಿ ಮೊಲ್ಲರ್ ಮೇಲೂ ಬಾಂಬ್ ಬಿತ್ತು.

ಭಟ್ಕಳದ_ಹುಡುಗ:
ಗೌಡ್ರೇ, ಗೆರೆ ನನಗೂ ಗೊತ್ತಿಲ್ಲ. ಸತ್ತವರ ಹೆಂಡತಿ ಮಕ್ಕಳು ಇನ್ನೂ ಬದುಕಿರುವಾಗ ಅಲ್ಲಿ ಕಣ್ಣು ಹೊಡೆದು ಫೋಟೊ ತೆಗೆಯಲು ನನ್ನಿಂದ ಆಗಲ್ಲ. ಕಾರ್ನಾಟಿಕ್‌ನವರನ್ನು ನೆನೆದು ಅಳುವವರು ಈಗ ಯಾರೂ ಉಳಿದಿಲ್ಲ. ಇದು ತರ್ಕ ಅಲ್ಲ, ಮನಸ್ಸು.

ಸಮುದ್ರ_ಸುಮ:
ನಾನು ಸೇಲಂ ಎಕ್ಸ್‌ಪ್ರೆಸ್ ಮೇಲೆ ಒಮ್ಮೆ ಇಳಿದಿದ್ದೇನೆ. ಹೊರಗಿನಿಂದ ಮಾತ್ರ. ಮೇಲೆ ಬಂದ ಮೇಲೆ ಬೋಟಿನಲ್ಲಿ ಯಾರೂ ಅರ್ಧ ಗಂಟೆ ಮಾತಾಡಲಿಲ್ಲ. ಎರಡನೇ ಸಲ ಹೋಗಲಿಲ್ಲ.

ಲೆಕ್ಕದ_ಪುಸ್ತಕ:
ಸ್ವಲ್ಪ ವಿಷಯ ಬದಲಿಸುತ್ತೇನೆ. ಅಬು ನುಹಾಸ್‌ನಲ್ಲಿ ಬೇಳೆ ಹಡಗು ಅಂತ ಒಂದಿದೆ ಅಂತಾರಲ್ಲ, ನಿಜವಾ?

ಶಾರ್ಜಾ_ಶೆಟ್ಟಿ:
ನೂರಕ್ಕೆ ನೂರು ನಿಜ! ಕಿಮೋನ್ ಎಂ. 1978ರ ಡಿಸೆಂಬರ್. ತುರ್ಕಿಯಿಂದ ಮುಂಬೈಗೆ ಬೇಳೆ ತರುತ್ತಿದ್ದ ಹಡಗು. ಪಕ್ಕದಲ್ಲಿ ಕ್ರಿಸೌಲಾ ಕೆ ಇದೆ, ಅದು ಇಟಲಿಯ ನೆಲದ ಟೈಲ್ಸ್ ಹೊತ್ತು 1981ರಲ್ಲಿ ಬಡಿದದ್ದು. ಟೈಲ್ಸ್ ಇನ್ನೂ ಜೋಡಿಸಿದ ಹಾಗೇ ಇವೆ. ಡನ್‌ರೇವನ್ ಕೂಡ ನಮ್ಮ ಕಡೆಯದ್ದೇ ಅನ್ನಿ, 1876ರಲ್ಲಿ ಬೊಂಬಾಯಿಯಿಂದ ಇಂಗ್ಲೆಂಡಿಗೆ ಹೊರಟಿತ್ತು. ಈಗ ತಲೆಕೆಳಗಾಗಿ ಬಿದ್ದಿದೆ.

ಬೀರೂರು_ಬಾಯ್:
ಒಂದು ದಿಬ್ಬದ ಮೇಲೆ ಬೇಳೆ, ಟೈಲ್ಸ್, ಮರ. ಸಮುದ್ರದ ಅಡಿಯಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದಾರೆ ಅನ್ಸುತ್ತೆ. ಗೃಹಪ್ರವೇಶದ ಊಟಕ್ಕೆ ಸಾರು.

ಬಬಲ್_ಗೌಡ:
ಕಾರ್ನಾಟಿಕ್‌ನಲ್ಲಿ ವೈನ್ ಬಾಟಲಿ ಕೂಡ ಇದ್ದವಂತೆ. ಅದನ್ನೂ ಸೇರಿಸಿಕೊಳ್ಳಿ.

ಸಮುದ್ರ_ಸುಮ:
ಬಾಟಲಿ ಚೂರು, ಟೈಲ್ಸ್ ಚೂರು ಏನೂ ಜೇಬಿಗೆ ಹಾಕಬೇಡಿ. ಥಿಸಲ್‌ಗಾರ್ಮ್‌ನಲ್ಲಿ ಮೋಟಾರ್‌ಸೈಕಲ್ಲಿನ ಬಿಡಿಭಾಗ ಬಿಚ್ಚಿಕೊಂಡು ಹೋದವರೇ ಎಷ್ಟೋ ಜನ. ಅದು ಸಾಲದು ಅಂತ ಬೋಟುಗಳು ಹಡಗಿಗೇ ಹಗ್ಗ ಕಟ್ಟಿ ರೇಲಿಂಗ್ ಕಿತ್ತು ಹಾಕಿವೆ.

ಒಂದು ಉಪಾಯ ಹೇಳುತ್ತೇನೆ. ಶರ್ಮ್ ಎಲ್ ಶೇಖ್ ಊರಿನ ಕಡೆಯಿಂದ ದಿನದ ಬೋಟುಗಳು ಬರುವ ಮೊದಲು, ಸೂರ್ಯ ಹುಟ್ಟುವ ಹೊತ್ತಿಗೇ ಥಿಸಲ್‌ಗಾರ್ಮ್‌ಗೆ ಇಳಿಯಬೇಕು. ರಾತ್ರಿ ಅಲ್ಲೇ ಲಂಗರು ಹಾಕಿರುವ ಬೋಟಿನ ಲಾಭ ಅದೇ. ಹತ್ತು ಗಂಟೆಗೆ ಹೋದರೆ ಕೆ.ಆರ್. ಮಾರ್ಕೆಟ್.

ಶಾರ್ಜಾ_ಶೆಟ್ಟಿ:
ಬೋಟಿನ ವಿಷಯ ಬಂತಲ್ಲ, ಈಗ ನಗೆ ಪಕ್ಕಕ್ಕಿಡಿ. ಇದೇ ಮುಖ್ಯ. ಕೆಂಪು ಸಮುದ್ರದಲ್ಲಿ ಇತ್ತೀಚೆಗೆ ಬೋಟುಗಳು ಬೆಂಕಿ ಬಿದ್ದು, ಮುಗುಚಿ ಹೋಗಿವೆ. 2023ರ ಜೂನ್‌ನಲ್ಲಿ ಒಂದಕ್ಕೆ ಬೆಂಕಿ ಬಿದ್ದು ಮೂವರು ಪ್ರವಾಸಿಗಳು ಸತ್ತರು. 2024ರ ನವೆಂಬರ್‌ನಲ್ಲಿ ಮರ್ಸಾ ಆಲಂ ಬಳಿ ಇನ್ನೊಂದು ಮುಳುಗಿತು, ಜನ ಕ್ಯಾಬಿನ್‌ಗಳಲ್ಲಿ ಸಿಕ್ಕಿಹಾಕಿಕೊಂಡರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ಡೈವ್ ಬೋಟಿಗೆ ಬೆಂಕಿ ಬಿದ್ದು ಕೆಳಗೆ ಮಲಗಿದ್ದ 34 ಜನ ಸತ್ತರು. ರಾತ್ರಿ ಕಾವಲಿಗೆ ಒಬ್ಬರೂ ಎಚ್ಚರ ಇರಲಿಲ್ಲ.

ನನ್ನ ಮೊದಲ ಟ್ರಿಪ್ಪಿನ ಬೋಟು ನೋಡಲು ಮದುವೆ ಛತ್ರದ ಹಾಗಿತ್ತು. ಹೊಳೆಯುವ ಲೈಟು, ಮೇಲೆ ಜಕೂಝಿ. ಕೆಳಗಿನ ಕ್ಯಾಬಿನ್‌ನಿಂದ ಹೊರಬರಲು ಎರಡನೇ ದಾರಿ ಎಲ್ಲಿ ಅಂತ ಕೇಳಿದೆ. ಹುಡುಗ ಒಂದು ಮುಚ್ಚಳ ತೋರಿಸಿದ. ಮೇಲೆ ಹೋಗಿ ನೋಡಿದರೆ ಅದರ ಮೇಲೆ ಸೋಫಾ ಇಟ್ಟಿದ್ದರು! ಗಲಾಟೆ ಮಾಡಿ ಸೋಫಾ ಎತ್ತಿಸಿದೆ. ಹೆಸರು ಇಲ್ಲಿ ಬೇಡ.

ಅವತ್ತಿನಿಂದ ನಾನು ಬುಕ್ ಮಾಡುವ ಮೊದಲು ಮೇಲ್‌ನಲ್ಲೇ ಕೇಳುತ್ತೇನೆ. ರಾತ್ರಿ ಕಾವಲು ಯಾರು? ಕ್ಯಾಮೆರಾ, ಟಾರ್ಚ್ ಬ್ಯಾಟರಿ ಎಲ್ಲಿ ಚಾರ್ಜ್ ಮಾಡಬೇಕು? ಕ್ಯಾಬಿನ್‌ನಲ್ಲಿ ಹೊಗೆ ಅಲಾರಂ ಇದೆಯಾ? ಉತ್ತರದ ಬದಲು "ಡೋಂಟ್ ವರಿ ಮೈ ಫ್ರೆಂಡ್" ಅಂತ ಬಂದರೆ ಬೇರೆ ಬೋಟು. ಹತ್ತಿದ ದಿನವೇ ಕಣ್ಣು ಮುಚ್ಚಿಕೊಂಡು ಕ್ಯಾಬಿನ್‌ನಿಂದ ಡೆಕ್‌ಗೆ ಎರಡೂ ದಾರಿಯಲ್ಲಿ ಒಮ್ಮೆ ನಡೆದು ನೋಡಿ. ಜನ ನಗುತ್ತಾರೆ. ನಗಲಿ.

ಒಂಬತ್ತು_ಡೈವ್:
ನಮಸ್ಕಾರ. ಆ ನಾಲ್ಕನೆಯವನು ನಾನೇ. ಯಾರೋ ಲಿಂಕ್ ಕಳಿಸಿದರು. ಮೊಸಳೆ, ನಿನಗೆ ಸಂಜೆ ಇದೆ.

ಬಬಲ್_ಗೌಡ:
ಅಯ್ಯಯ್ಯೋ. 😂

ಮುರುಡೇಶ್ವರ_ಮೊಸಳೆ:
ಮಗಾ, ತಮಾಷೆಗೆ ಬರೆದದ್ದು.

ಒಂಬತ್ತು_ಡೈವ್:
ಇರಲಿ. ಸುಮ ಮೇಡಂ ಕೇಳಿದ ಮೂರು ಪ್ರಶ್ನೆಗೆ ನಾನು ಉತ್ತರ ಹೇಳಿಕೊಂಡೆ. ಮೂರಕ್ಕೂ ಸೊನ್ನೆ. ಆದರೆ ನೀನೂ ಹೇಳಿಕೊಳ್ಳಪ್ಪ. ಹೋದ ಫೆಬ್ರವರಿಯಲ್ಲಿ ಎಸ್‌ಎಂಬಿ ಬಿಡಲು ಹೋಗಿ ಅದರ ಜೊತೆ ನೀನೇ ಮೇಲೆ ಹೋದದ್ದು ಇಲ್ಲಿ ಬರೆದೆಯಾ?

ಸಮುದ್ರ_ಸುಮ:
ಈ ಹುಡುಗ ಪರವಾಗಿಲ್ಲ. ಇವನನ್ನು ಕರೆದುಕೊಂಡು ಹೋಗಿ, ಆ ಇನ್ನೊಬ್ಬರನ್ನು ಯೋಚಿಸಿ.

ಲೆಕ್ಕದ_ಪುಸ್ತಕ:
ಶ್ರೀಲಂಕಾ ಯಾಕೆ ಬೇಡ? ಹತ್ತಿರ, ಅಗ್ಗ. ಬಟ್ಟಿಕಲೋವಾ ಬಳಿ ಹರ್ಮಿಸ್ ಅಂತ ವಿಮಾನವಾಹಕ ಹಡಗೇ ಮುಳುಗಿದೆ.

ಶಾರ್ಜಾ_ಶೆಟ್ಟಿ:
ಅದು 50 ಮೀಟರ್ ದಾಟುತ್ತದೆ ಮಾರಾಯ್ರೆ, ಹೆಚ್ಚು ಆಳಕ್ಕೆ ಬೇರೆ ತರಬೇತಿ ಪಡೆದ ಟೆಕ್ನಿಕಲ್ ಡೈವರ್‌ಗಳದ್ದು. ಅದೇ ದಿನ, 1942ರ ಏಪ್ರಿಲ್ 9ಕ್ಕೆ, ಜಪಾನಿಯರು ಮುಳುಗಿಸಿದ ಬ್ರಿಟಿಷ್ ಸಾರ್ಜೆಂಟ್ ಅನ್ನುವ ಟ್ಯಾಂಕರ್ ಆದರೆ 25 ಮೀಟರ್ ಆಸುಪಾಸು. ಇವರಿಗೆ ಅಭ್ಯಾಸಕ್ಕೆ ಒಳ್ಳೆಯದು. ಆದರೆ ಅಲ್ಲಿ ಸೀಸನ್ ನಮಗೆ ಉಲ್ಟಾ. ನಮ್ಮ ಕರಾವಳಿಯಲ್ಲಿ ಮಳೆ ಹೊಡೆಯುವಾಗ ಅಲ್ಲಿ ಪೂರ್ವದ ಸಮುದ್ರ ಶಾಂತ. ಮೇ ತಿಂಗಳಲ್ಲಿ ನೇತ್ರಾಣಿ ಮುಚ್ಚುವ ಹೊತ್ತಿಗೆ ಅಲ್ಲಿ ಹೋಗಬಹುದು.

ಮುರುಡೇಶ್ವರ_ಮೊಸಳೆ:
ನಾಲ್ವರೂ ನಿನ್ನೆ ರಾತ್ರಿ ಕೂತು ಮಾತಾಡಿದೆವು. ಬೈಗುಳ ಅರ್ಧ ಗಂಟೆ, ಪ್ಲಾನ್ ಹತ್ತು ನಿಮಿಷ. ಈ ನವೆಂಬರ್ ಕ್ಯಾನ್ಸಲ್. ಈ ಸೀಸನ್ನಿನಲ್ಲಿ ಇವನಿಗೆ ಅಡ್ವಾನ್ಸ್ಡ್, ಎಲ್ಲರಿಗೂ ನೈಟ್ರಾಕ್ಸ್. ನನಗೆ ಎಸ್‌ಎಂಬಿ. ಮೇನಲ್ಲಿ ಶ್ರೀಲಂಕಾ. ಮುಂದಿನ ವರ್ಷ ಅಕ್ಟೋಬರ್ ಕೊನೆಯಲ್ಲಿ ಹುರ್ಘಾದಾ, ರೋಸಲಿ ಮೊಲ್ಲರ್ ಇಲ್ಲದ ರೂಟ್. ನವೆಂಬರ್ 1 ಬೋಟಿನಲ್ಲೇ ಬರುವ ಹಾಗೆ ದಿನ ನೋಡಿದ್ದೇವೆ.

ಶಾರ್ಜಾ_ಶೆಟ್ಟಿ:
ಆ ದಿನವೇ ಅಬು ನುಹಾಸ್ ಸಿಗುತ್ತದೆ ಅಂತ ನಂಬಬೇಡಿ. ಹಡಗುಗಳಿರುವುದು ದಿಬ್ಬದ ಉತ್ತರ ಮಗ್ಗುಲಲ್ಲಿ, ಉತ್ತರದ ಗಾಳಿ ನೇರ ಅಲ್ಲಿಗೇ ಹೊಡೆಯುತ್ತದೆ. ನನ್ನ ಎರಡನೇ ಟ್ರಿಪ್ಪಿನಲ್ಲಿ ಮೂರು ದಿನ ಕಾದು, ಕಾರ್ನಾಟಿಕ್ ನೋಡದೆ ವಾಪಸ್ ಬಂದೆ.

ಮುರುಡೇಶ್ವರ_ಮೊಸಳೆ:
ಹಾಗಾದರೆ ಬಾವುಟ ಬೋಟಿನ ಮೇಲೆ ಹಾರಿಸುತ್ತೇವೆ.

ಹಳೇಕಡತ:
ಆರ್ಕಾಟಿನವರು ಆಕ್ಷೇಪಿಸಿದರೆ ನನ್ನ ಹೆಸರು ಹೇಳಬೇಡಿ.

ಒಂಬತ್ತು_ಡೈವ್:
ನಾನು ಸಸ್ಯಾಹಾರಿ. ಏಳು ದಿನ ಬೋಟಿನಲ್ಲಿ ಏನು ತಿನ್ನೋದು? ಇದನ್ನು ಯಾರೂ ಹೇಳಲೇ ಇಲ್ಲ.

ಶಾರ್ಜಾ_ಶೆಟ್ಟಿ:
ಕೊಶರಿ ಅಂತ ಕೊಡುತ್ತಾರೆ. ಅನ್ನ, ಬೇಳೆ, ಮ್ಯಾಕರೋನಿ ಎಲ್ಲ ಒಟ್ಟಿಗೆ, ಮೇಲೆ ಕರಿದ ಈರುಳ್ಳಿ. ಮೂರನೇ ದಿನಕ್ಕೆ ಬೇಜಾರಾಗುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯಿರಿ, ಪ್ಲಾಸ್ಟಿಕ್ ಡಬ್ಬದಲ್ಲಿ.

ಬೀರೂರು_ಬಾಯ್:
ಬೇಳೆ ಎಲ್ಲಿಯದು ಅಂತ ಕೇಳಿ ತಿನ್ನು ಗುರು. 1978ರದ್ದು ಇರಬಹುದು.